ಬುಲೆಟ್ ರೈಲಿನ ಸಾಲ: ಬಡ್ಡಿ 0.1% ಸರಿ, ಟೆಂಡರ್ ಹಾಕೋ ಅರ್ಹತೆ ಯಾರಿಗಿದೆ?

ಕೆಂಗೇರಿ ಲೋಕಲ್, ಬೆಂಗಳೂರು

2026ರ ಕೇಂದ್ರ ಬಜೆಟ್‌ನಲ್ಲಿ ಏಳು ಹೈಸ್ಪೀಡ್ ರೈಲು ಮಾರ್ಗ ಹೇಳಿದರಲ್ಲ, ಅದರಲ್ಲಿ ಎರಡು ನಮ್ಮ ಬೆಂಗಳೂರಿಗೆ ಬಂದು ಸೇರೋವು. ಹೈದರಾಬಾದ್‌ನಿಂದ ಒಂದು, ಚೆನ್ನೈನಿಂದ ಒಂದು. ಅವತ್ತಿಂದ ನಮ್ಮ ಆಫೀಸ್ ಕ್ಯಾಂಟೀನ್‌ನಲ್ಲಿ ಅದೇ ಮಾತು. ಚೆನ್ನೈಗೆ ಎಷ್ಟು ಹೊತ್ತು, ಟಿಕೆಟ್ ಎಷ್ಟಾಗಬಹುದು, ಸ್ಟೇಷನ್ ಯಾವ ಕಡೆ ಬರುತ್ತೆ. ದುಡ್ಡು ಯಾರು ಕೊಡ್ತಾರೆ, ಕೊಡುವಾಗ ಏನೇನು ಷರತ್ತು ಹಾಕ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಅದೇ ತಲೆಯಲ್ಲಿ ಕೊರೀತಾ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಹದಿನಾಲ್ಕು ವರ್ಷದಿಂದ ಟೆಂಡರ್ ಸೆಕ್ಷನ್‌ನಲ್ಲಿದ್ದೀನಿ. ಸೇತುವೆ, ಫ್ಲೈಓವರ್, ಮೆಟ್ರೋ ವಯಾಡಕ್ಟ್ (ಕಂಬಗಳ ಮೇಲಿನ ಮಾರ್ಗ) ಇಂಥವಕ್ಕೆ ರೇಟ್ ಕಟ್ಟೋದು ನನ್ನ ಕೆಲಸ. ಟೆಂಡರ್ ದಾಖಲೆ ಕೈಗೆ ಬಂದ ತಕ್ಷಣ ನಾವು ತೆಗೆಯೋದು ಅರ್ಹತೆಯ ಪುಟ. ಯಾವ ದೇಶದ ಕಂಪನಿ ಬರಬಹುದು, ಹಿಂದೆ ಎಂಥ ಕೆಲಸ ಮಾಡಿರಬೇಕು, ಜಂಟಿಯಾಗಿ ಬಂದರೆ ಮುಂದಾಳು ಯಾರಾಗಿರಬೇಕು. ಆ ಒಂದೂವರೆ ಪುಟ ಓದಿದರೆ ಕೆಲಸ ಯಾರಿಗೆ ಹೋಗುತ್ತೆ ಅನ್ನೋದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತೆ. ಕೆಲವು ವರ್ಷದ ಹಿಂದೆ ಹೊರದೇಶದ ಸಾಲದಲ್ಲಿ ಬಂದ ಒಂದು ಸೇತುವೆ ಕೆಲಸಕ್ಕೆ ನಾವು ನಾಲ್ಕು ಜನ ಒಂದು ತಿಂಗಳು ರಾತ್ರಿ ಹತ್ತರ ತನಕ ಕೂತಿದ್ವಿ. ಕೊನೇ ವಾರದಲ್ಲಿ ತಿದ್ದುಪಡಿ ಬಂತು, ಇಂಥದ್ದೇ ಕೇಬಲ್ ವ್ಯವಸ್ಥೆಯಲ್ಲಿ ಇಂತಿಷ್ಟು ಉದ್ದ ಕಟ್ಟಿದ ಅನುಭವ ಇರಬೇಕು ಅಂತ. ಅಂಥ ಅನುಭವ ಇದ್ದದ್ದು ಇಬ್ಬರಿಗೆ. ಇಬ್ಬರೂ ಸಾಲ ಕೊಟ್ಟ ದೇಶದವರು. ತಯಾರಾಗಿದ್ದ ಫೈಲನ್ನ ಹಾಗೇ ಬೀರುವಿಗೆ ಇಟ್ವಿ.

ಮುಂಬೈ–ಅಹಮದಾಬಾದ್ ಮಾರ್ಗದ ಲೆಕ್ಕ ಎಲ್ಲರಿಗೂ ಗೊತ್ತು. 508 ಕಿ.ಮೀ., 12 ನಿಲ್ದಾಣ, ಮೊದಲ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 81% ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಕೊಡೋ ಸಾಲ, 50 ವರ್ಷದ ಅವಧಿ, ಮೊದಲ 15 ವರ್ಷ ಅಸಲು ಕಟ್ಟಬೇಕಾಗಿಲ್ಲ, ಬಡ್ಡಿ 0.1%. 2017ರ ಸೆಪ್ಟೆಂಬರ್ 14ಕ್ಕೆ ಸಾಬರಮತಿಯಲ್ಲಿ ಅಡಿಗಲ್ಲು ಹಾಕಿದಾಗ 2022ಕ್ಕೆ ಓಡುತ್ತೆ ಅಂದಿದ್ದರು. ಈಗ ಸೂರತ್ ಕಡೆಯ ಮೊದಲ ತುಂಡಿಗೇ 2027ರ ಆಗಸ್ಟ್ ಅಂತಿದ್ದಾರೆ.

ಸಿವಿಲ್ ಕೆಲಸದ ಬಗ್ಗೆ ನನಗೆ ದೂರಿಲ್ಲ, ನಿಜವಾಗಿ ಹೆಮ್ಮೆ ಇದೆ. 2020ರಲ್ಲಿ ಗುಜರಾತ್ ಭಾಗದ 237 ಕಿ.ಮೀ. ಕೆಲಸ ಎಲ್ ಅಂಡ್ ಟಿಗೆ ಸುಮಾರು 24,985 ಕೋಟಿಗೆ ಹೋಯಿತು. ಸ್ಪರ್ಧೆಯಲ್ಲಿದ್ದ ಮೂರು ತಂಡಗಳೂ ನಮ್ಮ ದೇಶದವೇ. ಹಳಿ ಹೊರೋ ಕಾಂಕ್ರೀಟ್ ತೊಲೆ, ಅಂದರೆ ಬಾಕ್ಸ್ ಗರ್ಡರ್, 40 ಮೀಟರ್ ಉದ್ದ, ತೂಕ 970 ಟನ್. ನಾವು ಮೆಟ್ರೋದಲ್ಲಿ ಸೆಗ್ಮೆಂಟ್‌ಗಳನ್ನ (ಗರ್ಡರಿನ ತುಂಡುಗಳನ್ನ) ಒಂದೊಂದಾಗಿ ಪೋಣಿಸಿ ಉಕ್ಕಿನ ಕೇಬಲ್ಲಿನಿಂದ ಬಿಗೀತೀವಿ. ಅಲ್ಲಿ ಎರಡು ಕಂಬದ ನಡುವಿನ ಇಡೀ ಗರ್ಡರನ್ನು ಒಂದೇ ತುಂಡಾಗಿ ಯಾರ್ಡಿನಲ್ಲಿ ಎರೆದು, ಈಗಾಗಲೇ ಕೂತಿರೋ ಗರ್ಡರ್‌ಗಳ ಮೇಲೆಯೇ ಗಾಡಿಯಲ್ಲಿ ತಳ್ಳಿಕೊಂಡು ಬಂದು ಮುಂದಿನ ಕಂಬಕ್ಕೆ ಇಳಿಸ್ತಾರೆ. ಅಷ್ಟು ಭಾರ ಎತ್ತೋ ಯಂತ್ರವನ್ನ ಕಾಂಚೀಪುರದಲ್ಲೇ ಮಾಡಿದರು. ಸ್ಪರ್ಧೆಗೆ ಬಾಗಿಲು ತೆರೆದಿದ್ದ ಕಡೆ ನಮ್ಮವರು ಕಲಿತರು.

ರೈಲು, ಸಿಗ್ನಲ್, ವಿದ್ಯುತ್ ಕಡೆ ಆ ಬಾಗಿಲು ಬಹಳ ಚಿಕ್ಕದಿತ್ತು. ನನ್ನ ಪ್ರಶ್ನೆ ಅದರ ಬಗ್ಗೆ. ಚೆನ್ನೈ, ಹೈದರಾಬಾದ್ ಮಾರ್ಗಕ್ಕೆ ಮತ್ತೆ ಹೊರಗಿನ ಸಾಲ ತಂದರೆ ಆ ಅರ್ಹತೆಯ ಪುಟ ಬರೆಯೋರು ಯಾರು?

ಕಂತಿನ ಲೆಕ್ಕ, ಧಾರವಾಡ

ಕೆಂಗೇರಿಯವ್ರ, ನಿಮ್ಮ ಪ್ರಶ್ನೆ ಚಲೋ ಐತಿ. ಆದ್ರ ಬಡ್ಡಿ ಲೆಕ್ಕ ಮೊದ್ಲ ಬಿಡಿಸಿ ಇಡೂಣು, ಇಲ್ಲಂದ್ರ ಮುಂದಿನ ಮಾತಿಗೆ ಬುಡ ಇರೂದಿಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನ್ಯಾಗ ಸಾಲದ ಫೈಲು ನೋಡೀನಿ.

ಸಾಲ 88,000 ಕೋಟಿ ಅಂತ ಹಿಡೀರಿ. 0.1% ಅಂದ್ರ ವರ್ಷದ ಬಡ್ಡಿ ಬರೇ 88 ಕೋಟಿ. ಅದ ರೊಕ್ಕ ನಮ್ಮ ಮಾರ್ಕೆಟ್‌ನ್ಯಾಗ 7%ಕ್ಕ ಎತ್ತಿದ್ರ ವರ್ಷಕ್ಕ 6,160 ಕೋಟಿ ಬಡ್ಡಿನ ಹೋಗ್ತಿತ್ತು. ಹಂಗಾಗಿ ಜಪಾನ್ ಸಾಲ ಅಗ್ಗ ಅಂಬೂದು ಸುಳ್ಳಲ್ಲ. 15 ವರ್ಷ ಬಿಟ್ಟು ಉಳದ 35 ವರ್ಷ ಅಸಲು ಸಮ ಹಂಚಿದ್ರ ಇವತ್ತಿನ ದರದಾಗ ವರ್ಷಕ್ಕ ಸುಮಾರು 2,500 ಕೋಟಿ.

ಆದ್ರ ಕಂತು ಕಟ್ಟಬೇಕಾದ್ದು ಯೆನ್‌ದಾಗ. ಟಿಕೆಟ್ ರೊಕ್ಕ ಬರೂದು ರೂಪಾಯಿದಾಗ. 1990ರಾಗ 100 ಯೆನ್‌ಗೆ ನಾವು ಕೊಡ್ತಿದ್ದು ಹನ್ನೆರಡು ರೂಪಾಯಿ ಆಸುಪಾಸು. 2012ರಾಗ ಅದು 67ಕ್ಕ ಹೋಗಿತ್ತು. 2015ರಾಗ, ಅಂದ್ರ ಈ ಒಪ್ಪಂದ ಆದ ವರ್ಷ, 53ಕ್ಕ ಇಳೀತು. 2025ರಾಗ ಸರಾಸರಿ 58. ಇಲ್ಲೀತನಾ ಯೆನ್ ತಾನೂ ಡಾಲರ್ ಎದುರು ಬಿದ್ದದ್ದಕ್ಕ ನಾವು ಬಚಾವಾಗೀವಿ. ಮುಂದಿನ 50 ವರ್ಷ ಹಿಂಗ ಇರ್ತೈತಿ ಅಂತ ಯಾರೂ ಬರದು ಕೊಡೂದಿಲ್ಲ.

ಒಂದು ಲೆಕ್ಕ ಮಾಡಿ ನೋಡ್ರಿ. ರೂಪಾಯಿ ಯೆನ್ ಎದುರು ವರ್ಷಕ್ಕ 3% ಸವೀತು ಅಂತ ಇಟ್ಕೊಳ್ರಿ. ಮೊದಲ ಕಂತು ಕಟ್ಟೂ ಹೊತ್ತಿಗೆ 2,500 ಇದ್ದದ್ದು 3,900 ಕೋಟಿ ಆಗಿರ್ತೈತಿ. ಕಡೇ ಕಂತು 11,000 ಕೋಟಿ ಮುಟ್ಟತೈತಿ. ವರ್ಷಕ್ಕ 1% ಅಷ್ಟ ಸವದ್ರ ಸಾಲ ಆಗಲೂ ಭಾಳ ಅಗ್ಗ. ಹಿಂಗ ಸಾಲ ತಗೊಳೂ ಮುಂದ ಯೆನ್ ಏರಿದ್ರ ಯಾರ ಮೈಮ್ಯಾಲೆ ಅಂಬೂದು ಮೊದಲ ಪುಟದಾಗ ಇರಬೇಕು. ಸರ್ಕಾರದ ಖಜಾನೆ ಮ್ಯಾಲೆ ಅಂದ್ರ ರೈಲು ಹತ್ತದವರ ಮ್ಯಾಲೂ ಅಂತ ಅರ್ಥ.

ನಗೋಯಾ ಕನ್ನಡಿಗ

ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ರೈಲು ಬಿಡಿಭಾಗಗಳ ಸಪ್ಲೈ ಕೆಲಸ. ಕೆಂಗೇರಿ ಸರ್ ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳ್ತೀನಿ.

ಜಪಾನ್ ಸಾಲದಲ್ಲಿ ಎರಡು ಬಗೆ. ಒಂದು, ಯಾವ ದೇಶದ ಕಂಪನಿಯಾದರೂ ಬಂದು ಟೆಂಡರ್ ಹಾಕಬಹುದಾದ ಸಾಲ. ಇನ್ನೊಂದಕ್ಕೆ ಸ್ಟೆಪ್ ಅಂತಾರೆ. ಅದರಲ್ಲಿ ಬಡ್ಡಿ ತೀರಾ ಕಡಿಮೆ, ಆದರೆ ಮುಖ್ಯ ಗುತ್ತಿಗೆದಾರ ಜಪಾನಿನವನಾಗಿರಬೇಕು ಅಥವಾ ಜಂಟಿ ತಂಡದ ಮುಂದಾಳು ಜಪಾನಿನವನಾಗಿರಬೇಕು, ಒಪ್ಪಂದದ ಮೌಲ್ಯದಲ್ಲಿ ಕನಿಷ್ಠ 30% ಸಾಮಾನು ಮತ್ತು ಸೇವೆ ಜಪಾನಿನದ್ದಾಗಿರಬೇಕು. ಇದರಲ್ಲಿ ಗುಟ್ಟೇನಿಲ್ಲ, ಜೈಕಾ ತಾನೇ ಬಹಿರಂಗವಾಗಿ ಹೇಳೋ ನಿಯಮ. ಇಲ್ಲಿನ ತೆರಿಗೆದಾರರ ದುಡ್ಡು ಅಷ್ಟು ಅಗ್ಗಕ್ಕೆ ಹೊರಗೆ ಹೋಗಬೇಕಾದರೆ ಇಲ್ಲಿನ ಫ್ಯಾಕ್ಟರಿಗೂ ಕೆಲಸ ಸಿಗಬೇಕು ಅಂತ ಇವರು ಬಯಸೋದು ತಪ್ಪು ಅಂತ ನನಗನ್ನಿಸೋದಿಲ್ಲ.

ತೊಂದರೆ ಆಗೋದು ಬೆಲೆಯಲ್ಲಿ. ಮುಂಬೈ ಮಾರ್ಗಕ್ಕೆ ಮೊದಲು ಆಯ್ಕೆಯಾದ ಇ5 ಮಾದರಿಯನ್ನ ಜಪಾನಿನಲ್ಲಿ ಕಟ್ಟೋರು ಹಿತಾಚಿ ಮತ್ತು ಕವಾಸಾಕಿ, ಇಬ್ಬರೇ. ಮಾರುಕಟ್ಟೆಯಲ್ಲಿ ಇಬ್ಬರೇ ಮಾರೋರು ಇದ್ದಾರೆ, ಇನ್ನೆಲ್ಲೂ ಕೊಳ್ಳೋಕೆ ಆಗೋದಿಲ್ಲ ಅಂತ ಅವರಿಗೂ ಗೊತ್ತು ಅಂದರೆ ಚೌಕಾಸಿ ಮಾಡೋದು ಹೇಗೆ? ಕೊನೆಗೆ ಏನಾಯ್ತು ಅಂತ ನೀವೇ ನೋಡಿದ್ದೀರಿ. 2024ರ ಅಕ್ಟೋಬರ್‌ನಲ್ಲಿ ಎರಡು ರೈಲಿನ ಆರ್ಡರ್ ನಿಮ್ಮ ಬೆಂಗಳೂರಿನ ಬಿಇಎಂಎಲ್‌ಗೆ ಬಂತು. 2025ರಲ್ಲಿ ಸಿಗ್ನಲಿಂಗ್ ಕೆಲಸ ಸೀಮೆನ್ಸ್ ಇದ್ದ ತಂಡಕ್ಕೆ ಹೋಯಿತು, ಯೂರೋಪಿನ ಇಟಿಸಿಎಸ್ ಎರಡನೇ ಹಂತದ ರೈಲು ನಿಯಂತ್ರಣ ವ್ಯವಸ್ಥೆ. ಜಪಾನಿನ ಹೊಸ ಇ10 ಮಾದರಿ 2030ರ ಆಸುಪಾಸಿಗೆ ಎರಡೂ ದೇಶಕ್ಕೆ ಬರುತ್ತೆ ಅನ್ನೋ ಮಾತಿದೆ. ಅಂದರೆ ಜಪಾನ್ ಲೆಕ್ಕದಲ್ಲಿ ಹಾಕಿದ ಸ್ಲ್ಯಾಬ್ ಟ್ರ್ಯಾಕ್ (ಜಲ್ಲಿ ಬದಲು ಕಾಂಕ್ರೀಟ್ ಹಾಸಿನ ಹಳಿ) ಮೇಲೆ ಜರ್ಮನ್ ಮೂಲದ ಸಿಗ್ನಲ್, ಮೊದಲಿಗೆ ಬೆಂಗಳೂರಿನ ರೈಲು. ಇದನ್ನೆಲ್ಲ ಒಂದಕ್ಕೊಂದು ಹೊಂದಿಸೋದು ಸಣ್ಣ ಕೆಲಸ ಅಲ್ಲ. ತೈವಾನ್ ಈ ಕಷ್ಟ ಪೂರ್ತಿ ಅನುಭವಿಸಿದೆ, ಬಿಡುವಾದಾಗ ಬರೀತೀನಿ.

ಸುಮ್ನೆ ಓದೋಳು

ನನ್ನದೊಂದು ಸಣ್ಣ ಪ್ರಶ್ನೆ ಅಣ್ಣ. ಜಪಾನ್ ಷರತ್ತು ಹಾಕುತ್ತೆ ಅಂದರೆ ಚೀನಾ ಥರದವರು ಷರತ್ತಿಲ್ಲದೆ ಕೊಡ್ತಾರಾ? ಇಂಡೋನೇಷ್ಯಾದಲ್ಲಿ ಚೀನಾ ಗೆದ್ದಿತ್ತು ಅಂತ ಕೇಳಿದ್ದೆ.

ತುಂಗಾತೀರ, ಜಕಾರ್ತ

ಇಂಡೋನೇಷ್ಯಾ ಹೆಸರು ಬಂತಲ್ಲ, ನಾನು ಹೇಳಲೇಬೇಕು. ಊರು ಶಿವಮೊಗ್ಗ, ಇಲ್ಲಿ ಆರು ವರ್ಷದಿಂದ ಇದ್ದೇನೆ. ನಮ್ಮ ಯಜಮಾನರ ಕೆಲಸ ಬಂಡುಂಗ್‌ನಲ್ಲಿ ಇರೋದರಿಂದ ತಿಂಗಳಿಗೆ ಎರಡು ಸಲವಾದರೂ ಜಕಾರ್ತ–ಬಂಡುಂಗ್ ನಡುವಿನ ಬುಲೆಟ್ ರೈಲು ವೂಶ್ ಹತ್ತುತ್ತೇನೆ.

ಈ ಮಾರ್ಗ 142 ಕಿ.ಮೀ. ಜಪಾನಿನವರು ವರ್ಷಗಟ್ಟಲೆ ಅಧ್ಯಯನ ಮಾಡಿ ವರದಿ ತಯಾರಿಸಿದ್ದರು. 2015ರಲ್ಲಿ ಚೀನಾ ಕಣಕ್ಕಿಳಿಯಿತು. ಜಪಾನಿನದ್ದು 0.1% ಬಡ್ಡಿ, ಆದರೆ ಸರ್ಕಾರದ ಜಾಮೀನು ಬೇಕು. ಚೀನಾದ್ದು 2% ಬಡ್ಡಿ, ಆದರೆ ಸರ್ಕಾರ ಜಾಮೀನು ಕೊಡಬೇಕಿಲ್ಲ, ಬಜೆಟ್ಟಿನಿಂದ ಒಂದು ರುಪಿಯಾ ತೆಗೆಯಬೇಕಿಲ್ಲ. ಸೆಪ್ಟೆಂಬರ್ ಮೊದಲ ವಾರ ಸರ್ಕಾರ ಎರಡೂ ಬೇಡ ಎಂದಿತು, ತಿಂಗಳ ಕೊನೆಗೆ ಚೀನಾಕ್ಕೆ ಕೊಟ್ಟಿತು. ಇಪ್ಪತ್ತು ಪಟ್ಟು ಹೆಚ್ಚಿನ ಬಡ್ಡಿ ಒಪ್ಪಿಕೊಂಡರಲ್ಲ ಅಂತ ಹೊರಗಿನವರಿಗೆ ಆಶ್ಚರ್ಯ. ಜಾಮೀನು ಹಾಕೋದಿಲ್ಲ ಅನ್ನೋದೇ ಇಲ್ಲಿನವರಿಗೆ ದೊಡ್ಡ ಆಕರ್ಷಣೆ ಆಗಿತ್ತು. ನಮ್ಮಲ್ಲೂ ಯಾರದೋ ಸಾಲಕ್ಕೆ ಶ್ಯೂರಿಟಿ ಸೈನ್ ಹಾಕೋಕೆ ಅಪ್ಪಂದಿರು ಎಷ್ಟು ಹೆದರುತ್ತಿದ್ದರು, ಹಾಗೆಯೇ.

ಕಂಪನಿಯಲ್ಲಿ ಇಂಡೋನೇಷ್ಯಾದ ಸರ್ಕಾರಿ ಸಂಸ್ಥೆಗಳ ಕೂಟಕ್ಕೆ 60%, ಚೀನಾ ಕಡೆಯವರಿಗೆ 40%. 2016ರ ಜನವರಿಯಲ್ಲಿ ಶುರು, 2019ಕ್ಕೆ ಮುಗಿಸುವ ಮಾತು. ಭೂಮಿ ಸಿಗೋದು ತಡವಾಯಿತು, ನಡುವೆ ಕೋವಿಡ್ ಬಂತು. 600 ಕೋಟಿ ಡಾಲರ್ ಆಸುಪಾಸು ಇದ್ದ ಖರ್ಚು 720 ಕೋಟಿ ದಾಟಿತು. ಆಗ ಪ್ರಶ್ನೆ ಎದ್ದಿತು, ಹೆಚ್ಚಿನ 120 ಕೋಟಿ ಡಾಲರ್ ಯಾರು ಹಾಕಬೇಕು? 2021ರಲ್ಲಿ ಅಧ್ಯಕ್ಷರ ನಿಯಮ ತಿದ್ದಿ ಬಜೆಟ್ ದುಡ್ಡು ಹಾಕಲು ದಾರಿ ಮಾಡಿದರು. ಹೆಚ್ಚುವರಿ ಸಾಲಕ್ಕೆ ಇವರು 2% ಕೇಳಿದರು, ಚೀನಾ 3.4%ಕ್ಕೆ ನಿಂತಿತು. ಅರ್ಧ ಕಟ್ಟಿದ ಮನೆಗೆ ಎರಡನೇ ಸಲ ಸಾಲ ಕೇಳೋಕೆ ಹೋದವನ ಸ್ಥಿತಿ ಏನಿರುತ್ತೆ, ಊಹಿಸಿಕೊಳ್ಳಿ.

2023ರ ಅಕ್ಟೋಬರ್‌ನಲ್ಲಿ ರೈಲು ಶುರುವಾಯಿತು. ರೈಲಿನ ಬಗ್ಗೆ ಒಂದು ಕೆಟ್ಟ ಮಾತು ನನ್ನ ಬಾಯಿಂದ ಬರೋದಿಲ್ಲ. ಗಂಟೆಗೆ 350 ಕಿ.ಮೀ. ಓಡುವಾಗ ನನ್ನ ಮಗಳು ಮೇಜಿನ ಮೇಲೆ ನಾಣ್ಯ ನಿಲ್ಲಿಸಿ ನೋಡುತ್ತಾಳೆ, ಬೀಳೋದಿಲ್ಲ. ಕಷ್ಟ ಇರೋದು ಎರಡು ತುದಿಯಲ್ಲಿ. ಜಕಾರ್ತದ ಹಾಲಿಮ್ ನಿಲ್ದಾಣ ಊರ ಪೂರ್ವದಲ್ಲಿದೆ, ನಮ್ಮ ಮನೆಯಿಂದ ಅಲ್ಲಿಗೆ ಹೋಗಲಿಕ್ಕೇ ಮುಕ್ಕಾಲು ಗಂಟೆ. ಅತ್ತ ಪಡಲರಂಗ್‌ನಲ್ಲಿ ಇಳಿದು ಇನ್ನೊಂದು ಸಣ್ಣ ರೈಲು ಹಿಡಿದು ಬಂಡುಂಗ್ ಒಳಗೆ ಹೋಗಬೇಕು. ಇಲ್ಲಿ ‘ಟ್ರಾವೆಲ್’ ಅಂತ ಮಿನಿಬಸ್ಸುಗಳಿವೆ, ಟೋಲ್ ರಸ್ತೆಯಲ್ಲಿ ಅಗ್ಗದಲ್ಲಿ ಊರೊಳಗೇ ತಂದು ಬಿಡುತ್ತವೆ. ನನ್ನ ಜೊತೆಯ ಎಷ್ಟೋ ಜನ ಇವತ್ತಿಗೂ ಅದರಲ್ಲೇ ಹೋಗುತ್ತಾರೆ.

2025ರಲ್ಲಿ ಇಲ್ಲಿನ ಸರ್ಕಾರಿ ರೈಲ್ವೆ ಕಂಪನಿಯ ಮುಖ್ಯಸ್ಥರೇ ಸಂಸತ್ತಿನ ಸಮಿತಿಯ ಮುಂದೆ ಈ ಸಾಲವನ್ನ ‘ಟೈಮ್ ಬಾಂಬ್’ ಎಂದರು. ಹಣಕಾಸು ಸಚಿವರು ಬಜೆಟ್ಟಿನಿಂದ ಕೊಡೋದಿಲ್ಲ ಎಂದರು. ನವೆಂಬರ್‌ನಲ್ಲಿ ಅಧ್ಯಕ್ಷ ಪ್ರಬೊವೊ ತಾವು ಹೊಣೆ ಹೊರುತ್ತೇವೆ ಎಂದರು, ವರ್ಷಕ್ಕೆ ಸುಮಾರು 1.2 ಲಕ್ಷ ಕೋಟಿ ರುಪಿಯಾ. ಜಾಮೀನಿಲ್ಲ ಅಂದಿದ್ದ ಸಾಲ ಹತ್ತು ವರ್ಷದಲ್ಲಿ ಸರ್ಕಾರದ ಬಾಗಿಲಿಗೇ ಬಂದು ನಿಂತಿತು. ಇಷ್ಟು ದೊಡ್ಡ ಕೆಲಸ ಅರ್ಧಕ್ಕೆ ನಿಂತರೆ ಬಿಟ್ಟು ಹೋಗೋಕೆ ಯಾವ ಸರ್ಕಾರಕ್ಕೂ ಆಗೋದಿಲ್ಲ, ಸಾಲ ಕೊಡುವವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಕಂತಿನ ಲೆಕ್ಕ, ಧಾರವಾಡ

ತಂಗಿ, ನೀವು ಬರದದ್ದು ಓದಿ ನಮ್ಮ ಹಳೇ ಬ್ರಾಂಚಿನ ನೆನಪಾತು. ಶ್ಯೂರಿಟಿ ಇಲ್ಲದ ಸಾಲ ಅಂತ ಬೋರ್ಡ್ ಇರ್ತಿತ್ತು, ವಸೂಲಿಗೆ ಮಾತ್ರ ಮನೀ ಹಿರೇರ ಕಡೀಗೇ ಹೋಗ್ತಿದ್ವಿ. ಲಾವೋಸಿಂದೂ ಇಂಥದ್ದ. ಅಲ್ಲಿ ಚೀನಾ ಗಡಿಯಿಂದ ರಾಜಧಾನೀತನಾ 414 ಕಿ.ಮೀ. ರೈಲು, ಜಂಟಿ ಕಂಪನಿಯೊಳಗ 70% ಚೀನಾದ್ದು, ಸಾಲದ ದೊಡ್ಡ ಪಾಲು ಚೀನಾ ಬ್ಯಾಂಕಿಂದು. ಅದು ಬುಲೆಟ್ ರೈಲು ಅಲ್ಲ, ಅದಕ್ಕ ಇಲ್ಲಿ ಎಳೀಲಿಕ್ಕೆ ಹೋಗೂದಿಲ್ಲ.

ಬೊಮ್ಮಸಂದ್ರ ಶಿಫ್ಟ್

ಅಷ್ಟು ದೂರ ಯಾಕೆ ಹೋಗ್ತೀರ ಸರ್, ನಮ್ಮ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ನೋಡಿ ಸಾಕು. ನಾನು ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗೋನು, ಬನಶಂಕರಿಯಿಂದ ದಿನಾ ಎರಡು ಬಸ್ಸು. ಕಂಬ ಎದ್ದಿತ್ತು, ಹಳಿ ಬಿದ್ದಿತ್ತು, ಸ್ಟೇಷನ್‌ಗೆ ಬಣ್ಣ ಬಳಿದಿದ್ದರು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸಲ್ಲಿ ನಿಂತು ತಲೆ ಎತ್ತಿ ಖಾಲಿ ಹಳಿ ನೋಡ್ತಾ ಎರಡು ವರ್ಷ ಕಳೆದ್ವಿ. ರೈಲೇ ಇರಲಿಲ್ಲ.

ಟೆಂಡರ್ ಗೆದ್ದಿದ್ದು ಚೀನಾದ ಸಿಆರ್‌ಆರ್‌ಸಿ, 216 ಬೋಗಿಗೆ 1,578 ಕೋಟಿ. ಬಹುಪಾಲು ಬೋಗಿ ಇಲ್ಲೇ ತಯಾರಾಗಬೇಕು ಅಂತ ಷರತ್ತು. ಅವರಿಗೆ ಇಲ್ಲಿ ಫ್ಯಾಕ್ಟರಿ ಹಾಕೋಕಾಗಲಿಲ್ಲ. 2020ರಲ್ಲಿ ಗಡಿ ಗಲಾಟೆ ಆದಮೇಲೆ ಪಕ್ಕದ ದೇಶಗಳ ಕಂಪನಿಗಳಿಗೆ ನಿಯಮ ಬಿಗಿ ಆಯ್ತು, ಅವರ ಎಂಜಿನಿಯರ್‌ಗಳಿಗೆ ವೀಸಾ ಸಿಗೋದೂ ತಡ ಆಯ್ತು. ಕೊನೆಗೆ ಬಂಗಾಳದ ಟಿಟಾಗಢ ಕಂಪನಿ ಜತೆ ಸೇರಿ ಮಾಡಬೇಕಾಯ್ತು. ಮೊದಲ ರೈಲು ಬಂದಿದ್ದು 2024ರ ಫೆಬ್ರವರಿಗೆ. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ 19 ಕಿ.ಮೀ.ಗೆ ಮೂರೇ ರೈಲು, 25 ನಿಮಿಷಕ್ಕೊಂದು. ಮೊದಲ ದಿನ ನಾನೂ ಹತ್ತಿದ್ದೆ, ಕಣ್ಣಲ್ಲಿ ನೀರು ಬಂದಿದ್ದು ನಿಜ.

ಟೆಂಡರ್ ಬರೆಯೋರಿಗೆ ಒಂದೇ ಮಾತು ಹೇಳ್ತೀನಿ. ಕಡಿಮೆ ರೇಟ್ ಹಾಕಿದೋನಿಗೆ ಕೊಡೋ ಮುಂಚೆ ಅವನ ಫ್ಯಾಕ್ಟರಿ ಎಲ್ಲಿದೆ ಅಂತ ಹೋಗಿ ನೋಡಿ.

ಕೆಂಗೇರಿ ಲೋಕಲ್, ಬೆಂಗಳೂರು

ಬೊಮ್ಮಸಂದ್ರ ಅವರೇ, ಸರಿಯಾಗಿ ಹೇಳಿದ್ರಿ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟ್, ಅನ್ನೋದನ್ನೇ ದೇವರು ಮಾಡಿಕೊಂಡರೆ ಆಗೋದು ಇದು. ಹೊರಗಿನ ಸಾಲ ಒಂದು ದೇಶಕ್ಕೆ ಕಟ್ಟಿ ಹಾಕಿದರೆ ಸ್ಪರ್ಧೆ ಸಾಯುತ್ತೆ. ಪೂರ್ತಿ ಬಿಟ್ಟುಬಿಟ್ಟು ಬರೀ ರೇಟ್ ನೋಡಿದರೆ ಕೆಲಸ ನಿಲ್ಲುತ್ತೆ. ಇವೆರಡರ ನಡುವೆ ದಾರಿ ಕಂಡುಕೊಂಡವರು ಕೊರಿಯಾದವರು ಅಂತ ನನ್ನ ನಂಬಿಕೆ.

ಅವರು ಜಪಾನ್, ಜರ್ಮನಿ, ಫ್ರಾನ್ಸ್ ಮೂವರನ್ನೂ ವರ್ಷಗಟ್ಟಲೆ ಪೈಪೋಟಿಗೆ ಬಿಟ್ಟರು. 1994ರಲ್ಲಿ ಫ್ರಾನ್ಸ್ ಕಡೆಯ ಜಿಇಸಿ ಆಲ್ಸ್ತೋಮ್‌ಗೆ ಕೊಟ್ಟರು, ಸಾಲದ ಏರ್ಪಾಡೂ ಅದೇ ಪೊಟ್ಟಣದಲ್ಲಿ ಸೇರಿತ್ತು. ಒಟ್ಟು 46 ರೈಲು. 12 ಫ್ರಾನ್ಸ್‌ನಲ್ಲಿ, ಉಳಿದ 34 ಕೊರಿಯಾದ ಶೆಡ್‌ಗಳಲ್ಲಿ ಕೊರಿಯಾದ ಕೈಗಳೇ ಕಟ್ಟಬೇಕು, ವಿನ್ಯಾಸ ಕಲಿಸಬೇಕು. 2004ರ ಏಪ್ರಿಲ್ 1ಕ್ಕೆ ರೈಲು ಓಡಿತು, 2010ಕ್ಕೆ ಸ್ವಂತ ವಿನ್ಯಾಸದ ರೈಲು ಹಳಿಗಿಳಿಯಿತು, 2024ರಲ್ಲಿ ಉಜ್ಬೇಕಿಸ್ತಾನಕ್ಕೆ 42 ಬೋಗಿ ಮಾರೋ ಒಪ್ಪಂದ ಆಯ್ತು. ಕಲಿಯೋಕೆ ಹಿಡಿದ ಕಾಲ ನೋಡಿ, ಸುಮಾರು ಒಂದು ತಲೆಮಾರು. ನಮ್ಮ ಮೆಟ್ರೋದ ಮೊದಲ ನೇರಳೆ, ಹಸಿರು ಬೋಗಿಗಳನ್ನ ಬಿಇಎಂಎಲ್ ಜತೆ ಸೇರಿ ಮಾಡಿದ್ದೂ ಕೊರಿಯಾದ ರೈಲು ಕಂಪನಿ ಹ್ಯುಂಡೈ ರೋಟೆಮ್ ಇದ್ದ ಕೂಟ. ಫ್ರಾನ್ಸ್‌ನವರಿಂದ ಕಲಿತವರ ಜೊತೆ ನಮ್ಮ ತಿಪ್ಪಸಂದ್ರದ ಕಡೆಯ ಹುಡುಗರು ಕೆಲಸ ಮಾಡಿದ್ದಾರೆ.

ಚೀನಾ 2004ರಲ್ಲಿ ಇನ್ನೂ ಗಟ್ಟಿ ಕೂತಿತ್ತು. ಕವಾಸಾಕಿಯಿಂದ 60 ರೈಲು ಕೊಂಡರು, ಅದರಲ್ಲಿ ಪೂರ್ತಿ ತಯಾರಾಗಿ ಬಂದಿದ್ದು ಮೂರು. ಆರು ಬಿಡಿಬಿಡಿಯಾಗಿ ಬಂದು ಚೀನಾದಲ್ಲಿ ಜೋಡಣೆಯಾದವು. ಉಳಿದ 51 ಅಲ್ಲೇ ತಯಾರು. ಸೀಮೆನ್ಸ್ ಬೆಲೆ ಇಳಿಸಲಿಲ್ಲ ಅಂತ ಆ ಸುತ್ತಿನಿಂದ ಹೊರಗೇ ಇಟ್ಟರು, ಮುಂದಿನ ವರ್ಷ ಅವರು ಇಳಿದು ಬಂದರು. ಅಷ್ಟು ದೊಡ್ಡ ಆರ್ಡರ್ ಕೈಲಿತ್ತು, ಹಾಗಾಗಿ ಮಾತು ನಡೀತು.

ಈಗ ನಮ್ಮ ಬಿಇಎಂಎಲ್ ಒಪ್ಪಂದ ನೋಡಿ. ಎಂಟು ಬೋಗಿಯ ಎರಡು ರೈಲು, ಒಟ್ಟು 866.87 ಕೋಟಿ. ಒಂದು ಬೋಗಿಗೆ 27.86 ಕೋಟಿ. ಹದಿನಾರು ಬೋಗಿಗೆ ಗುಣಿಸಿದರೆ 446 ಕೋಟಿ ಬರುತ್ತೆ. ಮಿಕ್ಕ 421 ಕೋಟಿ ಯಾವುದಕ್ಕೆ? ವಿನ್ಯಾಸ, ಅಭಿವೃದ್ಧಿ, ಜಿಗ್, ಫಿಕ್ಸ್‌ಚರ್, ಟೂಲಿಂಗ್, ಪರೀಕ್ಷಾ ವ್ಯವಸ್ಥೆ, ಇವೆಲ್ಲ ಒಂದು ಸಲದ ಖರ್ಚು. ಅಂದರೆ ಅರ್ಧದಷ್ಟು ದುಡ್ಡು ಕಲಿಯೋಕೆ ಹಾಕಿದ್ದು. ನನಗಿದು ದುಬಾರಿ ಅನ್ನಿಸಲಿಲ್ಲ. ಆದರೆ ಎರಡೇ ರೈಲಿಗೆ ನಿಲ್ಲಿಸಿದರೆ ಅದು ಪೋಲು, ಐವತ್ತು ರೈಲಿಗೆ ಹಂಚಿದರೆ ಒಂದೊಂದರ ಮೇಲೆ ಬೀಳೋದು ಎಂಟೂವರೆ ಕೋಟಿ. ಮುಂದಿನ ಮಾರ್ಗಗಳಿಗೆ ಹೊರಗಿನ ಸಾಲ ತಂದು, ಅದರ ಷರತ್ತಿನಲ್ಲಿ ಮತ್ತೆ ಆ ದೇಶದ ರೈಲೇ ಬೇಕು ಅಂತ ಬರೆಸಿಕೊಂಡು ಬಂದರೆ ಈ 421 ಕೋಟಿ ಕಲಿಕೆ ಎಲ್ಲಿಗೆ ಹೋಗುತ್ತೆ?

ಮಲೆನಾಡ ಪ್ಯಾಸೆಂಜರ್

ಎಲ್ಲರೂ ದೊಡ್ಡ ಲೆಕ್ಕ ಮಾತಾಡ್ತಿದ್ದೀರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ನನಗನ್ನಿಸುತ್ತೆ. ನಮ್ಮ ಕಡೆ ಬೆಳಗ್ಗೆ ಹೋದ ರೈಲಿಗೆ ಜನರಲ್ ಬೋಗಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮೊದಲು ಅದು ಸರಿ ಮಾಡಲಿ.

ತುಂಗಾತೀರ, ಜಕಾರ್ತ

ಅಣ್ಣ, ನಿಮ್ಮ ನೋವು ಗೊತ್ತು, ನಾನೂ ತಾಳಗುಪ್ಪದ ರೈಲಲ್ಲಿ ಬಾಗಿಲ ಹತ್ತಿರ ಕೂತು ಬಂದವಳೇ. ಒಂದು ವಿಷಯ ಮಾತ್ರ. ಬುಲೆಟ್ ರೈಲಿಗೆ ಅಂತ ಬರೋ ಸಾಲವನ್ನ ತಿರುಗಿಸಿ ಜನರಲ್ ಬೋಗಿಗೆ ಹಾಕೋಕೆ ಬರೋದಿಲ್ಲ. ಆದರೆ ಸರ್ಕಾರ ತನ್ನ ಪಾಲು ಅಂತ ಹಾಕುವ ದುಡ್ಡು ಇದೆಯಲ್ಲ, ಮುಂಬೈ ಮಾರ್ಗದಲ್ಲಿ ಕೇಂದ್ರದ್ದು 10,000 ಕೋಟಿ, ಎರಡು ರಾಜ್ಯಗಳದ್ದು ತಲಾ 5,000 ಕೋಟಿ, ಆ ಪ್ರಶ್ನೆ ನಿಮ್ಮದು ನ್ಯಾಯವಾದದ್ದು. ಕರ್ನಾಟಕ ಎಷ್ಟು ಹಾಕಬೇಕಾಗುತ್ತೆ ಅಂತ ಕೇಳಲೇಬೇಕು.

ಬಂಗಾರಪೇಟೆ ತೋಟ

ನಮಸ್ಕಾರ ಎಲ್ರಿಗೂ. ಮೈಸೂರು–ಬೆಂಗಳೂರು–ಚೆನ್ನೈ 435 ಕಿ.ಮೀ. ಮಾರ್ಗ ಅಂತ ಕೆಲವು ವರ್ಷದಿಂದ ಸರ್ವೆ ಮಾತು ಕೇಳ್ತಾನೇ ಇದ್ದೀವಿ. ನಮ್ದು ಮೂರು ಎಕರೆ ಹನ್ನೆರಡು ಗುಂಟೆ, ಟೊಮೇಟೊ ಮತ್ತೆ ಸ್ವಲ್ಪ ಮಾವು. ಸಾವಿರದ ಇನ್ನೂರು ಅಡಿ ಬೋರ್ ಹಾಕ್ಸಿ ಎರಡಿಂಚು ನೀರು ಸಿಕ್ಕಿದೆ. ಎಕ್ಸ್‌ಪ್ರೆಸ್‌ವೇಗೆ ಆಗ್ಲೇ ನಮ್ಮ ದೊಡ್ಡಪ್ಪನ ಜಮೀನು ಹೋಯ್ತು.

ನಾನು ಕೇಳೋದು ಇಷ್ಟು. ಸಾಲ ಜಪಾನಿಂದಾದ್ರೇನು, ನಮ್ಮ ಸರ್ಕಾರದ್ದೇ ಆದ್ರೇನು, ನಮಗೆ ಏನಾದ್ರೂ ವ್ಯತ್ಯಾಸ ಇದ್ಯಾ?

ನಗೋಯಾ ಕನ್ನಡಿಗ

ಇದೆ ಅಣ್ಣ, ನೀವು ಕೇಳಿದ್ದು ಬಹಳ ಒಳ್ಳೆಯದಾಯ್ತು. ಜೈಕಾ ಸಾಲ ಕೊಡೋ ಯೋಜನೆಗಳಿಗೆ ಪರಿಸರ ಮತ್ತು ಜನರ ಸ್ಥಳಾಂತರದ ಬಗ್ಗೆ ಅವರದೇ ಮಾರ್ಗಸೂಚಿ ಇರುತ್ತೆ. ಭೂಮಿ ಕಳೆದುಕೊಳ್ಳುವವರ ಜೊತೆ ಅವರ ಭಾಷೆಯಲ್ಲಿ ಸಭೆ ಮಾಡಬೇಕು, ಬದುಕು ಮೊದಲಿನ ಮಟ್ಟಕ್ಕಾದರೂ ಬರಬೇಕು ಅಂತ. ನಿಯಮ ಮುರಿದರೆ ನೇರವಾಗಿ ಜೈಕಾಗೇ ಆಕ್ಷೇಪ ಸಲ್ಲಿಸೋ ದಾರಿ ಇದೆ. 2018ರಲ್ಲಿ ಗುಜರಾತಿನ ಸುಮಾರು ಸಾವಿರ ರೈತರು ಹೈಕೋರ್ಟ್‌ಗೆ ಅಫಿಡವಿಟ್ ಹಾಕಿದಾಗ ಈ ಮಾರ್ಗಸೂಚಿಯನ್ನೂ ಮುಂದಿಟ್ಟಿದ್ದರು. 2019ರಲ್ಲಿ ಕೋರ್ಟ್ ಅರ್ಜಿಗಳನ್ನ ವಜಾ ಮಾಡಿತು, ಆದರೆ ಹೆಚ್ಚಿನ ಪರಿಹಾರ ಕೇಳೋಕೆ ಅವಕಾಶ ಉಳಿಸಿತು. ನಮ್ಮ ಮೆಟ್ರೋಗೆ ಸಾಲ ಕೊಟ್ಟಿರೋ ಯೂರೋಪಿಯನ್ ಇನ್‌ವೆಸ್ಟ್‌ಮೆಂಟ್ ಬ್ಯಾಂಕ್‌ನಲ್ಲೂ ದೂರು ಕೇಳೋ ವಿಭಾಗ ಇದೆ. ಪೂರ್ತಿ ದೇಶದೊಳಗಿನ ದುಡ್ಡಾದರೆ ನಿಮಗೆ ಕಾನೂನು, ಕೋರ್ಟು ಇದ್ದೇ ಇದೆ. ತಟ್ಟೋಕೆ ಸಿಗೋ ಬಾಗಿಲು ಮಾತ್ರ ಒಂದು ಕಡಿಮೆ.

ಹಾಗೇ ತೈವಾನ್ ವಿಷಯ ಬರೀತೀನಿ ಅಂದಿದ್ದೆ. 1997ರಲ್ಲಿ ಯೂರೋಪಿನ ಸೀಮೆನ್ಸ್–ಆಲ್ಸ್ತೋಮ್ ಜೋಡಿಯನ್ನ ಜೊತೆಗಿಟ್ಟುಕೊಂಡೇ ಅಲ್ಲಿನ ಖಾಸಗಿ ಕಂಪನಿ ಟೆಂಡರ್ ಗೆದ್ದಿತ್ತು. 1998ರಲ್ಲಿ ಜರ್ಮನಿಯ ಎಶೆಡೆಯಲ್ಲಿ ಹೈಸ್ಪೀಡ್ ರೈಲಿನ ಭೀಕರ ಅಪಘಾತ, 1999ರ ಸೆಪ್ಟೆಂಬರ್‌ನಲ್ಲಿ ತೈವಾನಿನಲ್ಲೇ ದೊಡ್ಡ ಭೂಕಂಪ. ಆ ಡಿಸೆಂಬರ್‌ನಲ್ಲಿ ಕಂಪನಿ ಜಪಾನ್ ರೈಲಿನ ಕಡೆ ತಿರುಗಿತು. ಯೂರೋಪಿನವರು ಮಧ್ಯಸ್ಥಿಕೆಗೆ ಹೋಗಿ ಕೋಟಿಗಟ್ಟಲೆ ಡಾಲರ್ ಪರಿಹಾರ ಗೆದ್ದರು. ಸುರಂಗ ಯೂರೋಪಿನ ಅಳತೆಯದ್ದು, ಹಳಿ ಬದಲಿಸೋ ಪಾಯಿಂಟ್‌ಗಳು ಜರ್ಮನಿಯವು, ರೈಲು ಜಪಾನಿನದ್ದು. 2007ರ ಜನವರಿಯಲ್ಲಿ ಶುರುವಾಗಿ ಇವತ್ತಿಗೂ ಚೆನ್ನಾಗಿ ಓಡುತ್ತಿದೆ.

ನನ್ನನ್ನ ಹೆಚ್ಚು ಯೋಚನೆಗೆ ಹಚ್ಚಿದ್ದು ಆಮೇಲಿನ ಕಥೆ. ಹೊಸ ರೈಲು ಬೇಕಾದಾಗ ಜಪಾನಿನ ಕೂಟ ಹೇಳಿದ ಬೆಲೆ ತೀರಾ ಹೆಚ್ಚು ಅಂತ 2021ರ ಜನವರಿಯಲ್ಲಿ ಮಾತುಕತೆ ಮುರಿದರು. ಹೊಸ ಟೆಂಡರ್ ಕರೆದರು. 2023ರ ಮೇನಲ್ಲಿ ಮತ್ತೆ ಅದೇ ಹಿತಾಚಿ–ತೋಶಿಬಾ ಕೂಟಕ್ಕೇ 12 ರೈಲಿನ ಆರ್ಡರ್ ಹೋಯಿತು, ಸುಮಾರು 12,400 ಕೋಟಿ ಯೆನ್. ಹದಿನಾರು ವರ್ಷ ಓಡಿಸಿದ ಮೇಲೂ ಬೇರೆಯವರ ರೈಲು ತರೋದು ಸುಲಭ ಆಗಲಿಲ್ಲ. ಶಿಂಕಾನ್‌ಸೆನ್ (ಜಪಾನಿನ ಬುಲೆಟ್ ರೈಲು) ಬೋಗಿ ಸುಮಾರು 3.35 ಮೀಟರ್ ಅಗಲ. ಯೂರೋಪಿನವು ಹೆಚ್ಚಾಗಿ ಮೂರು ಮೀಟರ್ ಒಳಗೆ. ಪ್ಲಾಟ್‌ಫಾರ್ಮನ್ನ ಅಗಲದ ಬೋಗಿಗೆ ಕಟ್ಟಿದರೆ ನಾಳೆ ಕಿರಿದಾದ ರೈಲು ತಂದಾಗ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಎರಡೂ ಬದಿ ಸೇರಿ ಮೂವತ್ತು–ನಲವತ್ತು ಸೆಂಟಿಮೀಟರ್ ಸಂದು. ಮೊದಲ ಸಾಲದ ಕಾಗದದಲ್ಲೇ ಮುಂದಿನ ಮೂವತ್ತು ವರ್ಷದ ಟೆಂಡರ್‌ಗಳು ಅರ್ಧ ತೀರ್ಮಾನ ಆಗಿರುತ್ತವೆ.

ಕೆಂಗೇರಿ ಲೋಕಲ್, ಬೆಂಗಳೂರು

ಆ ಮೂವತ್ತು ಸೆಂಟಿಮೀಟರ್ ಮಾತು ನನ್ನ ನಿದ್ದೆ ಕೆಡಿಸಿತು. ಒಂದು ಕೆಲಸ ಮಾಡೋಣ. ವಿವರವಾದ ಯೋಜನಾ ವರದಿ ಆಖೈರಾಗೋ ಮೊದಲೇ ಹೈಸ್ಪೀಡ್ ರೈಲು ನಿಗಮಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕ್ತೀನಿ, ಹತ್ತು ರೂಪಾಯಿ ಖರ್ಚು. ನಾನು ಕೇಳಬೇಕು ಅಂತಿರೋದು: ಬೆಂಗಳೂರಿನ ಎರಡು ಮಾರ್ಗಕ್ಕೆ ಯಾವ ದೇಶ ಅಥವಾ ಬ್ಯಾಂಕಿನ ಜೊತೆ ಸಾಲದ ಮಾತು ನಡೆದಿದೆ, ಆ ಸಾಲ ಅವರದೇ ಕಂಪನಿಗಳಿಗೆ ಕಟ್ಟಿದ್ದಾ ಅಥವಾ ಎಲ್ಲರಿಗೂ ತೆರೆದಿದ್ದಾ, ಪ್ಲಾಟ್‌ಫಾರ್ಮ್ ಅಳತೆ ಯಾವ ಬೋಗಿಗೆ ಅಂತ ಇಟ್ಟಿದ್ದಾರೆ, ರಾಜ್ಯದ ಪಾಲು ಎಷ್ಟು. ಧಾರವಾಡದ ಸರ್, ವಿನಿಮಯ ದರದ ಹೊರೆ ಯಾರ ಮೇಲೆ ಅನ್ನೋ ಪ್ರಶ್ನೆಯನ್ನ ನೀವೇ ಬರೆದುಕೊಡಿ, ನನ್ನ ಭಾಷೆಯಲ್ಲಿ ಬರೆದರೆ ಅವರು ಜಾರಿಕೊಳ್ತಾರೆ.

ಕಂತಿನ ಲೆಕ್ಕ, ಧಾರವಾಡ

ಬರದು ಕೊಡ್ತೀನ್ರಿ, ಸಂಜೀಕ ಹಾಕ್ತೀನಿ. ಒಂದ ಪ್ರಶ್ನೆದಾಗ ಎರಡು ವಿಷಯ ಸೇರಸಬ್ಯಾಡ್ರಿ, ಒಂದಕ್ಕ ಉತ್ತರ ಕೊಟ್ಟು ಇನ್ನೊಂದು ಬಿಟ್ಟಬಿಡ್ತಾರ. ನಿಮ್ಮ ಪ್ಲಾಟ್‌ಫಾರ್ಮ್ ಪ್ರಶ್ನೆ ಬ್ಯಾರೇನ ಅರ್ಜಿ ಮಾಡ್ರಿ.

ಬಂಗಾರಪೇಟೆ ತೋಟ

ಸರ್, ಅರ್ಜಿಯ ಕನ್ನಡ ಪ್ರತಿ ಇಲ್ಲೇ ಹಾಕಿ. ಜಮೀನಿಗೆ ನೋಟಿಸ್ ಕೊಡೋ ಮುಂಚೆ ಸಾಲ ಕೊಡೋರು ಯಾರು ಅಂತ ಊರಲ್ಲಿ ಸಭೆ ಮಾಡಿ ಹೇಳ್ತಾರಾ ಅನ್ನೋ ಪ್ರಶ್ನೆನೂ ಸೇರಿಸಿ. ಸಂತೆ ದಿನ ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡ್ಸಿ ನಮ್ಮ ಸುತ್ತಿನ ನಾಲ್ಕು ಹಳ್ಳಿಯಿಂದ್ಲೂ ಬೇರೆ ಬೇರೆ ಹೆಸರಲ್ಲಿ ಹಾಕಿಸ್ತೀನಿ.